ಪ್ರತಿಕ್ರಿಯೆ: ಶೇಪ್‌ಫೈಲ್ ಆಟೋಕ್ಯಾಡ್‌ನಲ್ಲಿ ಚುಕ್ಕೆಯಂತೆ ಕಾಣುವುದೇಕೆ?

ನಮಸ್ಕಾರ. ತುಮಕೂರಿನ ಬಳಿಯ ಕೆರೆಯೊಂದರ ಗಡಿಯಿರುವ ಶೇಪ್‌ಫೈಲನ್ನು (ಭೂನಕ್ಷೆಯ ಮಾಹಿತಿಯಿರುವ ಕಡತ) ಆಟೋಕ್ಯಾಡ್ ಎಂಬ ಡ್ರಾಯಿಂಗ್ ತಂತ್ರಾಂಶಕ್ಕೆ ತಂದಾಗ ಇಡೀ ಕೆರೆ ಚುಕ್ಕೆಯಂತಾಯಿತು ಎಂದಿದ್ದೀರಿ. ನೀವು ಬರೆದಿರುವ 77.1 ಮತ್ತು 13.3 ಎಂಬ ಅಂಕಿಗಳು ರೇಖಾಂಶ, ಅಕ್ಷಾಂಶಗಳ ಡಿಗ್ರಿಗಳು. ಆಟೋಕ್ಯಾಡ್ ಅವನ್ನು ಸಾಮಾನ್ಯ ಯೂನಿಟ್‌ಗಳೆಂದೇ ಓದುವುದರಿಂದ, ಒಂದು ಕಿಲೋಮೀಟರ್ ಉದ್ದದ ಏರಿ ಸುಮಾರು 0.009 ಯೂನಿಟ್‌ಗೆ ಕುಗ್ಗುತ್ತದೆ. ದಯವಿಟ್ಟು ಸ್ಕೇಲ್ ಕಮಾಂಡಿನಿಂದ ಹಿಗ್ಗಿಸಬೇಡಿ. ತುಮಕೂರಿನ ಬಳಿ ಪೂರ್ವ-ಪಶ್ಚಿಮದ ಡಿಗ್ರಿ ಉತ್ತರ-ದಕ್ಷಿಣದ್ದಕ್ಕಿಂತ ಚಿಕ್ಕದಾದ್ದರಿಂದ ಕೆರೆಯ ಆಕಾರವೇ ಕೆಡುತ್ತದೆ. ಬದಲಿಗೆ ಕ್ಯೂಜಿಐಎಸ್ ಎಂಬ ಭೂನಕ್ಷೆ ತಂತ್ರಾಂಶದಲ್ಲಿ ಶೇಪ್‌ಫೈಲನ್ನು ತೆರೆದು, ಸ್ಥಾನವನ್ನು ಮೀಟರ್‌ಗಳಲ್ಲಿ ಹೇಳುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ (ಅದರ ಸಂಕೇತ ಸಂಖ್ಯೆ ಇಪಿಎಸ್‌ಜಿ 32643) ಪರಿವರ್ತಿಸಿ, ಆಟೋಕ್ಯಾಡ್ ಓದಬಲ್ಲ ಡಿಎಕ್ಸ್‌ಎಫ್ ಕಡತವಾಗಿ ಉಳಿಸಿಕೊಂಡು ಮೀಟರ್ ಯೂನಿಟ್‌ನಲ್ಲಿ ತೆರೆಯಿರಿ. ಲೇಯರಿನ ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) ಹೆಸರನ್ನಷ್ಟೇ ಬದಲಿಸಿದರೆ ಅಂಕಿಗಳು ಬದಲಾಗುವುದಿಲ್ಲ. ಬಹಳಷ್ಟು ಜನ ಎಡವುವುದು ಇಲ್ಲಿಯೇ. ಸರ್ವೆ ನಂಬರಿನಂಥ ಮಾಹಿತಿಯೂ ಜೊತೆಗೆ ಬರಬೇಕಿದ್ದರೆ, ಪರಿವರ್ತಿಸಿದ ಶೇಪ್‌ಫೈಲನ್ನೇ ಆಟೋಕ್ಯಾಡ್‌ನ ಭೂನಕ್ಷೆ ಆವೃತ್ತಿಯಾದ ಮ್ಯಾಪ್ 3ಡಿಯ ಮ್ಯಾಪ್‌ಇಂಪೋರ್ಟ್ ಕಮಾಂಡಿನಿಂದ ತನ್ನಿ.