ನಷ್ಟದಲ್ಲಿರುವ ಕಾಲೇಜು ಫುಟ್‌ಬಾಲ್ ತಂಡವನ್ನು ಮುಚ್ಚಿದರೆ ನಿಜಕ್ಕೂ ಹಣ ಉಳಿಯುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಮಗಳು ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ, ಪ್ರತಿ ಸೆಮಿಸ್ಟರ್ ಬಿಲ್ಲಿನಲ್ಲೂ ಅಥ್ಲೆಟಿಕ್ಸ್ ಫೀ ಎಂಬ ಸಾಲು ಬರುತ್ತದೆ, ಫುಟ್‌ಬಾಲ್ ತಂಡ ಸೋಲುತ್ತಲೇ ಇದೆ, ಈಗ ಕಾನ್ಫರೆನ್ಸ್ ಬೇರೆ ಬದಲಾಯಿಸುತ್ತಾರಂತೆ. ಇಷ್ಟು ನಷ್ಟವಿದ್ದರೆ ಫುಟ್‌ಬಾಲ್ ಅನ್ನು ಯಾಕೆ ಮುಚ್ಚಬಾರದು?

ಮುಚ್ಚಬಹುದು. ಆದರೆ ಬಜೆಟ್ಟಿನಲ್ಲಿ ಫುಟ್‌ಬಾಲ್ ಹೆಸರಿನ ಮುಂದೆ ಕಾಣುವಷ್ಟು ಹಣ ಉಳಿಯುವುದಿಲ್ಲ. ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲೇ ಪಂದ್ಯ ಆಡಿಕೊಳ್ಳುವ ವಿವಿಗಳ ಕೂಟ. ಆ ಪಂಕ್ತಿಯಲ್ಲಿ ಒಂದು ಎಲೆ ಹಾಕಿಸಿಕೊಳ್ಳಲು ವಿವಿ ಕೊಡುವ ಬೆಲೆಯೇ ಫುಟ್‌ಬಾಲ್. ಎಷ್ಟೋ ಕಡೆ ಅದನ್ನು ನಿಲ್ಲಿಸಿದ ದಿನವೇ ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಸಾಫ್ಟ್‌ಬಾಲ್ ತಂಡಗಳೂ ಎಲೆ ಬಿಟ್ಟು ಏಳಬೇಕಾಗುತ್ತದೆ. ಹಾಗಾಗಿ ಮುಂದಿರುವ ದಾರಿ ಎರಡಲ್ಲ, ಮೂರು: ಇದ್ದಲ್ಲೇ ಇರುವುದು, ಮುಚ್ಚುವುದು, ಒಂದು ಮೆಟ್ಟಿಲು ಕೆಳಗಿಳಿಯುವುದು. ಬಹುತೇಕ ಮಧ್ಯಮ ಗಾತ್ರದ ವಿವಿಗಳು ಮೊದಲು ಲೆಕ್ಕ ಹಾಕಬೇಕಾದದ್ದು ಮೂರನೆಯದನ್ನು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್. ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯ ಅತಿ ಮೇಲಿನ ಹಂತ ಡಿವಿಷನ್ 1. ಅಲ್ಲಿ ಈ ಒಂದು ಆಟಕ್ಕೆ ಎರಡು ಮೆಟ್ಟಿಲುಗಳಿವೆ. ಮೇಲಿನದು ಎಫ್‌ಬಿಎಸ್, 2025ರಲ್ಲಿ ಅಲ್ಲಿ 136 ತಂಡಗಳಿದ್ದವು. ಕೆಳಗಿನದು ಎಫ್‌ಸಿಎಸ್. ಮೇಲಿರಬೇಕಾದರೆ ಫುಟ್‌ಬಾಲ್ ಸೇರಿ ಕನಿಷ್ಠ 16 ಕ್ರೀಡೆ ನಡೆಸಬೇಕು. ಕೆಳಗೆ 14 ಸಾಕು. ಮೇಲೆ ಫುಟ್‌ಬಾಲ್‌ಗೆ 85 ಪೂರ್ಣ ಸ್ಕಾಲರ್‌ಶಿಪ್ ಎಂಬುದು ಬಹುಕಾಲದ ಮಿತಿ, ಕೆಳಗೆ 63. ಆ 63ನ್ನು ಹೆಚ್ಚು ಜನರಿಗೆ ಹಂಚಿ ಕೊಡಬಹುದು. 2023ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ ಮೇಲಕ್ಕೆ ಹತ್ತುವ ಅರ್ಜಿಯ ಶುಲ್ಕವನ್ನು 5,000 ಡಾಲರ್‌ನಿಂದ ಒಮ್ಮೆಗೇ 50 ಲಕ್ಷ ಡಾಲರ್‌ಗೆ ಏರಿಸಿತು. ಸುಮ್ಮನೆ ಆಸೆಗೆ ಹತ್ತುವವರನ್ನು ತಡೆಯುವ ಬಾಗಿಲು ಅದು.

ಖರ್ಚು ಎಲ್ಲಿ ಹೋಗುತ್ತದೆ ನೋಡೋಣ. ಒಬ್ಬ ಆಟಗಾರನ ಟ್ಯೂಷನ್, ವಸತಿ, ಊಟ, ಪುಸ್ತಕ ಸೇರಿ ವರ್ಷಕ್ಕೆ 30,000 ಡಾಲರ್ ಎಂದಿಟ್ಟುಕೊಳ್ಳಿ. 85 ಜನಕ್ಕೆ 25.5 ಲಕ್ಷ ಡಾಲರ್, 63 ಜನಕ್ಕೆ 18.9 ಲಕ್ಷ. ವ್ಯತ್ಯಾಸ 6.6 ಲಕ್ಷ. ಲೆಕ್ಕ ಇಲ್ಲಿಗೆ ನಿಲ್ಲುವುದಿಲ್ಲ. 1972ರ ಟೈಟಲ್ 9 ಕಾಯ್ದೆಯಂತೆ ಕ್ರೀಡಾ ಸ್ಕಾಲರ್‌ಶಿಪ್ ಹಣ ಗಂಡು-ಹೆಣ್ಣು ಆಟಗಾರರ ಸಂಖ್ಯೆಗೆ ಅನುಗುಣವಾಗಿ ಹಂಚಿಕೆಯಾಗಬೇಕು, ಆಡುವ ಅವಕಾಶವೂ ಸಮಾನವಾಗಿರಬೇಕು. ಫುಟ್‌ಬಾಲ್‌ನಷ್ಟು ಜನ ಬೇಕಾದ ಮಹಿಳಾ ಕ್ರೀಡೆ ಇಲ್ಲ. ಆದ್ದರಿಂದ ಈ ಕಡೆ 22 ಸ್ಕಾಲರ್‌ಶಿಪ್ ಹೆಚ್ಚಿಸಿದರೆ ಆ ಕಡೆಯೂ ಸುಮಾರು ಅಷ್ಟೇ ಕೊಡಬೇಕಾಗಿ, 6.6 ಲಕ್ಷದ ವ್ಯತ್ಯಾಸ 13 ಲಕ್ಷ ದಾಟುತ್ತದೆ. ಈ ಎರಡನೇ ಅರ್ಧ ಲೆಕ್ಕದ ಪುಸ್ತಕದಲ್ಲಿ ಮಹಿಳಾ ಕ್ರೀಡೆಗಳ ಖರ್ಚಾಗಿ ಕಾಣುತ್ತದೆಯೇ ಹೊರತು ಫುಟ್‌ಬಾಲ್ ಖಾತೆಯಲ್ಲಿ ಅಲ್ಲ. ಮಹಿಳಾ ಕ್ರೀಡೆಗಳು ಹೊರೆ ಎಂದು ದೂರುವವರು ಇದನ್ನು ಗಮನಿಸುವುದೇ ಇಲ್ಲ. ಆ ಹೆಣ್ಣುಮಕ್ಕಳಿಗೆ ಅದು ಅನ್ಯಾಯ.

ಇನ್ನೊಂದು ಸೂಕ್ಷ್ಮವಿದೆ. ಸ್ಕಾಲರ್‌ಶಿಪ್ ಹಣ ಕ್ರೀಡಾ ವಿಭಾಗದಿಂದ ಅದೇ ವಿವಿಯ ಬೊಕ್ಕಸಕ್ಕೆ ಹೋಗುತ್ತದೆ, ಅಂದರೆ ಎಡಗೈಯಿಂದ ಬಲಗೈಗೆ. ತರಗತಿಯಲ್ಲಿ ಖಾಲಿ ಜಾಗವಿದ್ದರೆ ಒಬ್ಬ ಆಟಗಾರನನ್ನು ಕೂರಿಸಲು ವಿವಿಗೆ ನಿಜವಾಗಿ ತಗಲುವ ವೆಚ್ಚ ಆ 30,000ಕ್ಕಿಂತ ಬಹಳ ಕಡಿಮೆ. ಸ್ಕಾಲರ್‌ಶಿಪ್ ಇಲ್ಲದೆ ಫೀಸ್ ಕಟ್ಟಿ ತಂಡದಲ್ಲಿರುವ ಹುಡುಗರೂ ಇರುತ್ತಾರೆ. ತಂಡ ಮುಚ್ಚಿದರೆ ಅವರ ಫೀಸೂ ಹೋಯಿತು. ಸ್ಕಾಲರ್‌ಶಿಪ್ಪೇ ಇಲ್ಲದ ಡಿವಿಷನ್ 3ರ ಸಣ್ಣ ಕಾಲೇಜುಗಳು ಹೊಸದಾಗಿ ಫುಟ್‌ಬಾಲ್ ಆರಂಭಿಸುವುದಕ್ಕೆ ಕಾರಣ ಇದೇ: ನೂರು ಹುಡುಗರು ಫೀಸ್ ಕಟ್ಟಿ ಸೇರುತ್ತಾರೆ.

ಕೋಚ್‌ಗಳ ಸಂಬಳ ನಿಮಗೆ ಗೊತ್ತೇ ಇರುತ್ತದೆ. ಸಂಬಳಕ್ಕಿಂತ ಅಪಾಯಕಾರಿ ಎಂದರೆ ಅವಧಿಗೆ ಮುನ್ನ ತೆಗೆದರೆ ಕೊಡಬೇಕಾದ ಪರಿಹಾರ. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿವಿ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದಾಗ ಆ ಮೊತ್ತ 7.5 ಕೋಟಿ ಡಾಲರ್‌ಗೂ ಹೆಚ್ಚಿತ್ತು. ಸ್ಟೇಡಿಯಂ ಸಾಲದ ಕಂತಂತೂ ತಂಡ ಇದ್ದರೂ ಇಲ್ಲದಿದ್ದರೂ ಕಟ್ಟಲೇಬೇಕು.

ಆದಾಯದ ಮೂಲ ಟಿವಿ. 1984ರ ಜೂನ್‌ನಲ್ಲಿ ಒಕ್ಲಹೋಮಾ ವಿವಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಫುಟ್‌ಬಾಲ್ ಪ್ರಸಾರದ ಮೇಲೆ ಎನ್‌ಸಿಎಎ ಹೊಂದಿದ್ದ ಹಿಡಿತವನ್ನು 7-2 ಬಹುಮತದಿಂದ ಮುರಿಯಿತು. ಅಲ್ಲಿಂದ ಹಕ್ಕು ಮಾರುವ ಅಂಗಡಿಗಳಾದವು ಕಾನ್ಫರೆನ್ಸ್‌ಗಳು. ದೊಡ್ಡ ಕಾನ್ಫರೆನ್ಸ್‌ಗಳಲ್ಲೊಂದಾದ ಬಿಗ್ ಟೆನ್ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಏಳು ವರ್ಷದ ಒಪ್ಪಂದ 700 ಕೋಟಿ ಡಾಲರ್ ಮೀರಿದ್ದು. ಆ ಪಂಕ್ತಿಯಲ್ಲಿ ಕೂತವರಿಗೆ ಫುಟ್‌ಬಾಲ್ ಉಳಿದೆಲ್ಲ ಆಟಗಳನ್ನೂ ಸಾಕುತ್ತದೆ. ಕೆಳಗಿನ ಪಂಕ್ತಿಗಳಲ್ಲಿ ಟಿವಿ ಹಣ ಇದರ ಸಣ್ಣ ತುಣುಕು. ಅಲ್ಲಿ ಕೊರತೆ ತುಂಬುವುದು ನಿಮ್ಮ ಮಗಳ ಬಿಲ್ಲಿನ ಆ ಸಾಲು, ವಿವಿಯ ಅನುದಾನ, ಮತ್ತೆ ಗ್ಯಾರಂಟಿ ಪಂದ್ಯಗಳು.

ಗ್ಯಾರಂಟಿ ಪಂದ್ಯ ಅಂದರೆ ದೊಡ್ಡ ತಂಡ ತನ್ನ ಮೈದಾನಕ್ಕೆ ಸಣ್ಣ ತಂಡವನ್ನು ದುಡ್ಡು ಕೊಟ್ಟು ಕರೆಸುವುದು. 2007ರಲ್ಲಿ ಮಿಷಿಗನ್ ತನ್ನಲ್ಲಿಗೆ ಬರಲು ಆಗ ಎಫ್‌ಸಿಎಸ್‌ನಲ್ಲಿದ್ದ ಅಪಲೇಚಿಯನ್ ಸ್ಟೇಟ್‌ಗೆ 4 ಲಕ್ಷ ಡಾಲರ್ ಕೊಟ್ಟಿತ್ತು, ಮತ್ತು ಸೋತಿತು. 2024ರ ಸೆಪ್ಟೆಂಬರ್‌ನಲ್ಲಿ ನಾರ್ದರ್ನ್ ಇಲಿನಾಯ್ 14 ಲಕ್ಷ ಡಾಲರ್ ಪಡೆದು ನೋಟ್ರೆ ಡೇಮ್‌ಗೆ ಹೋಗಿ ಗೆದ್ದುಬಂತು. ಇಂಥವು ಅಪರೂಪ, ಸಾಮಾನ್ಯವಾಗಿ ಆಗುವುದು ದೊಡ್ಡ ಸೋಲು ಮತ್ತು ಗಾಯ. ವರ್ಷಕ್ಕೆ ಇಂಥ ಎರಡು ಪಂದ್ಯ ಒಪ್ಪಿಕೊಂಡ ತಂಡ ಆ ವರ್ಷದ 12 ಪಂದ್ಯಗಳಲ್ಲಿ ಎರಡು ಸೋಲನ್ನು ಹೆಚ್ಚುಕಮ್ಮಿ ಮೊದಲೇ ಬರೆದುಕೊಂಡಂತೆ. ನಿಮ್ಮ ತಂಡ ಸೋಲುತ್ತಿದೆ ಎಂದಿರಿ. ಅದರಲ್ಲಿ ಎಷ್ಟು ಸೋಲು ಈ ಬಗೆಯದು ಎಂದು ವೇಳಾಪಟ್ಟಿಯಲ್ಲಿ ನೋಡಿ.

ಈಗ ಕಾನ್ಫರೆನ್ಸ್ ಬದಲಾವಣೆಗೆ ಬರೋಣ. ಹೊರಡುವಾಗ ಎರಡು ಬೀಗಗಳಿವೆ. ಮೊದಲನೆಯದು ನಿರ್ಗಮನ ಶುಲ್ಕ. 2014ರಲ್ಲಿ ಬಿಗ್ ಟೆನ್‌ಗೆ ಹೋದ ಮೇರಿಲ್ಯಾಂಡ್‌ನಿಂದ ಅದರ ಹಳೆಯ ಕಾನ್ಫರೆನ್ಸ್ ಎಸಿಸಿ ಸುಮಾರು 5.2 ಕೋಟಿ ಡಾಲರ್ ಕೇಳಿತ್ತು, ಕೊನೆಗೆ 3.14 ಕೋಟಿಗೆ ರಾಜಿಯಾಯಿತು. ಎರಡನೆಯದು ಪ್ರಸಾರ ಹಕ್ಕಿನ ಬರಹ: ಸದಸ್ಯ ವಿವಿ ತನ್ನ ತವರಿನ ಪಂದ್ಯಗಳ ಹಕ್ಕನ್ನು ಇಂತಿಷ್ಟು ವರ್ಷಕ್ಕೆ ಕಾನ್ಫರೆನ್ಸ್‌ಗೆ ಬರೆದುಕೊಟ್ಟಿರುತ್ತದೆ. ಬಿಟ್ಟುಹೋದರೂ ಆ ಅವಧಿ ಮುಗಿಯುವವರೆಗೆ ಹಕ್ಕು ಹಿಂತಿರುಗುವುದಿಲ್ಲ, ಹಕ್ಕಿಲ್ಲದೆ ಬರುವವನನ್ನು ಹೊಸ ಕಾನ್ಫರೆನ್ಸ್ ಯಾಕೆ ಸೇರಿಸಿಕೊಂಡೀತು? ಟೆಕ್ಸಸ್ ಮತ್ತು ಒಕ್ಲಹೋಮಾ ಬಿಗ್ 12 ಕಾನ್ಫರೆನ್ಸ್ ಅನ್ನು ಒಂದೇ ವರ್ಷ ಮುಂಚೆ ಬಿಡಲು ಇಬ್ಬರೂ ಸೇರಿ 10 ಕೋಟಿ ಡಾಲರ್ ತೆತ್ತದ್ದು ಇದಕ್ಕೇ.

ಒಳಹೋಗುವಾಗಲೂ ಬೆಲೆಯಿದೆ. 2024ರಲ್ಲಿ ಎಸಿಸಿ ಸೇರಿದ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್ (ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿವಿ) ಮೊದಲ ವರ್ಷಗಳಲ್ಲಿ ಟಿವಿ ಹಣದ ಶೇ. 30ರಷ್ಟು ಪಾಲಿಗೆ ಒಪ್ಪಿದವು. ಅವುಗಳ ಜೊತೆ ಸೇರಿದ ಟೆಕ್ಸಸ್‌ನ ಎಸ್‌ಎಂಯು ವಿವಿ ಒಂಬತ್ತು ವರ್ಷ ಆ ಹಣವೇ ಬೇಡ ಎಂದು ಬರೆದುಕೊಟ್ಟಿತು. ದಾನಿಗಳು ಹಿಂದೆ ನಿಂತಿದ್ದರಿಂದ ಅದಕ್ಕೆ ಸಾಧ್ಯವಾಯಿತು, ಎಲ್ಲರಿಗೂ ಆಗುವ ಮಾತಲ್ಲ. ಆದ್ದರಿಂದ "ಹೊಸ ಕಾನ್ಫರೆನ್ಸ್ ತಲಾ ಇಷ್ಟು ಹಂಚುತ್ತದೆ" ಎಂಬ ಸುದ್ದಿ ಓದಿದಾಗ, ಹೊಸಬರಿಗೆ ಎಷ್ಟು ಪಾಲು, ಎಷ್ಟನೇ ವರ್ಷದಿಂದ ಪೂರ್ತಿ ಎಂದು ಕೇಳಿ.

ಪ್ರಯಾಣದ ಹೊರೆ ಫುಟ್‌ಬಾಲ್ ಮೇಲೆ ಬೀಳುವುದೇ ಇಲ್ಲ ಎನ್ನಬಹುದು. ಅವರು ವರ್ಷಕ್ಕೆ ಐದಾರು ಬಾರಿ, ವಾರಾಂತ್ಯದಲ್ಲಿ, ಬಾಡಿಗೆ ವಿಮಾನದಲ್ಲಿ ಹೋಗಿಬರುತ್ತಾರೆ. ವಾಲಿಬಾಲ್, ಸಾಕರ್, ಸಾಫ್ಟ್‌ಬಾಲ್ ಹುಡುಗಿಯರು ವಾರದ ನಡುವೆ ಸಾಮಾನ್ಯ ವಿಮಾನದಲ್ಲಿ, ಕಾಯುತ್ತಾ, ಪಾಠ ತಪ್ಪಿಸಿಕೊಂಡು ದೇಶ ದಾಟಬೇಕು. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಮತ್ತು ನ್ಯೂಜೆರ್ಸಿಯ ರಟ್ಗರ್ಸ್ ಈಗ ಒಂದೇ ಕಾನ್ಫರೆನ್ಸ್‌ನಲ್ಲಿವೆ! ಫುಟ್‌ಬಾಲ್‌ಗೆ ಬೇರೆ ಕಾನ್ಫರೆನ್ಸ್, ಉಳಿದ ಆಟಗಳಿಗೆ ಹತ್ತಿರದ್ದು ಎಂದು ಬೇರ್ಪಡಿಸುವುದೇ ಈ ಪ್ರಯಾಣದ ಹೊರೆಗೆ ಸರಿಯಾದ ಪರಿಹಾರ ಎಂದು ನಾನು ನಂಬುತ್ತೇನೆ.

ಮುಚ್ಚಿದವರ, ಇಳಿದವರ ಕಥೆಗಳಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. 2014ರ ಡಿಸೆಂಬರ್ 2ರಂದು ಅಲಬಾಮಾದ ಯುಎಬಿ ವಿವಿ ಫುಟ್‌ಬಾಲ್ ಮುಚ್ಚಿತು. ಜೊತೆಗೆ ಬೌಲಿಂಗ್ ಮತ್ತು ರೈಫಲ್ ತಂಡಗಳೂ ಹೋದವು. ಆದರೆ ಅದಿದ್ದ "ಕಾನ್ಫರೆನ್ಸ್ ಯುಎಸ್‌ಎ" ಎಂಬ ಕೂಟದಲ್ಲಿ ಸದಸ್ಯತ್ವಕ್ಕೆ ಫುಟ್‌ಬಾಲ್ ಕಡ್ಡಾಯ. ಉಳಿದ ತಂಡಗಳ ನೆಲೆಯೇ ಅಲುಗಾಡಿತು. ಮುಚ್ಚಲು ಆಧಾರವಾದ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಪ್ರಶ್ನಿಸಿದರು. ಸ್ಕಾಲರ್‌ಶಿಪ್ ಬಗ್ಗೆ ಮೇಲೆ ಹೇಳಿದ ಎಡಗೈ-ಬಲಗೈ ವಿಷಯ ಅಲ್ಲೂ ಮುಖ್ಯವಾಗಿತ್ತು. ಊರಿನವರು ದೇಣಿಗೆ ಕೂಡಿಸಿದರು. 2015ರ ಜೂನ್ 1ರಂದು ನಿರ್ಧಾರ ವಾಪಸಾಯಿತು, 2017ರಲ್ಲಿ ತಂಡ ಮೈದಾನಕ್ಕೆ ಮರಳಿ 8 ಗೆದ್ದು 5 ಸೋತಿತು.

ಇದಕ್ಕೆ ಎದುರಾಗಿ ನ್ಯೂಯಾರ್ಕ್‌ನ ಹಾಫ್‌ಸ್ಟ್ರಾ. 2009ರ ಡಿಸೆಂಬರ್‌ನಲ್ಲಿ ವರ್ಷಕ್ಕೆ 45 ಲಕ್ಷ ಡಾಲರ್ ನುಂಗುತ್ತಿದ್ದ ಫುಟ್‌ಬಾಲ್ ಅನ್ನು ಅದು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಉಳಿದ ಆಟಗಳು ಅದೇ ಸಿಎಎ ಕಾನ್ಫರೆನ್ಸ್‌ನಲ್ಲಿ ಉಳಿದವು, ಯಾಕೆಂದರೆ ಅಲ್ಲಿ ಸದಸ್ಯತ್ವಕ್ಕೂ ಫುಟ್‌ಬಾಲ್‌ಗೂ ಗಂಟು ಹಾಕಿರಲಿಲ್ಲ. ಮುಚ್ಚುವ ನಿರ್ಧಾರ ಒಂದೇ, ಕಾನ್ಫರೆನ್ಸ್ ನಿಯಮ ಬೇರೆ, ಫಲಿತಾಂಶವೂ ಬೇರೆ.

ಇಳಿದವರಲ್ಲಿ ಮುಖ್ಯ ಉದಾಹರಣೆ ಐಡಾಹೊ ವಿವಿ. ಅದರ ಫುಟ್‌ಬಾಲ್ ಕಾನ್ಫರೆನ್ಸ್ ಆಗಿದ್ದ ಡಬ್ಲ್ಯುಎಸಿ 2012ರ ನಂತರ ಫುಟ್‌ಬಾಲ್ ನಿಲ್ಲಿಸಿತು. 2014ರಿಂದ ಸನ್ ಬೆಲ್ಟ್ ಕಾನ್ಫರೆನ್ಸ್‌ನಲ್ಲಿ ಆಶ್ರಯ: ವಾಯವ್ಯ ಮೂಲೆಯ ಮಾಸ್ಕೊ ಪಟ್ಟಣದಿಂದ ಜಾರ್ಜಿಯಾ, ಅಲಬಾಮಾ, ಲೂಸಿಯಾನಾಕ್ಕೆ ಹಾರಾಟ. 2016ರಲ್ಲಿ ಸನ್ ಬೆಲ್ಟ್ ಮುಂದುವರಿಸುವುದಿಲ್ಲ ಎಂದಿತು. 2018ರಲ್ಲಿ ಐಡಾಹೊ ಎಫ್‌ಸಿಎಸ್‌ನ ಬಿಗ್ ಸ್ಕೈಗೆ ಇಳಿಯಿತು. ಅದರ ಉಳಿದ ಆಟಗಳು ಮೊದಲೇ ಅಲ್ಲಿದ್ದವು. ಅಭಿಮಾನಿಗಳು ಸಿಟ್ಟಾದರು, ದೇಣಿಗೆ ನಿಲ್ಲುತ್ತದೆ ಎಂಬ ಭಯವಿತ್ತು. ಆದರೆ ಈಗ ಎದುರಾಳಿಗಳು ಮೊಂಟಾನಾ, ಈಸ್ಟರ್ನ್ ವಾಷಿಂಗ್ಟನ್‌ನಂಥ ನೆರೆಹೊರೆಯವರು, ಮತ್ತು 2022ರಿಂದ 2024ರವರೆಗೆ ಮೂರೂ ವರ್ಷ ತಂಡ ಪ್ಲೇಆಫ್ ತಲುಪಿತು. ಇಳಿದರೆ ಗ್ಯಾರಂಟಿ ಪಂದ್ಯದ ದರ ಕಡಿಮೆಯಾಗುತ್ತದೆ, ಮೇಲಿನ ಮೆಟ್ಟಿಲಿನ ಪ್ಲೇಆಫ್ ಹಣದ ಪಾಲೂ ತಪ್ಪುತ್ತದೆ. ಉಳಿತಾಯದಿಂದ ಇವನ್ನು ಕಳೆದೇ ನೋಡಬೇಕು.

ಫುಟ್‌ಬಾಲ್ ಅನ್ನು ಉಳಿದ ಆಟಗಳಿಂದ ಬೇರ್ಪಡಿಸಿದವರಲ್ಲಿ ಯುಕಾನ್, ಅಂದರೆ ಕನೆಕ್ಟಿಕಟ್ ವಿವಿ, ಇದೆ. 1.7 ಕೋಟಿ ಡಾಲರ್ ಕೊಟ್ಟು 2020ರಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಹೆಸರಾದ ಬಿಗ್ ಈಸ್ಟ್‌ಗೆ ಮರಳಿತು, ಫುಟ್‌ಬಾಲ್ ಯಾವ ಕಾನ್ಫರೆನ್ಸ್‌ಗೂ ಸೇರದೆ ಸ್ವತಂತ್ರವಾಗಿ ಉಳಿಯಿತು. ಅದರ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 2023, 2024ರಲ್ಲಿ ರಾಷ್ಟ್ರೀಯ ಚಾಂಪಿಯನ್. ಸ್ವತಂತ್ರ ತಂಡದ ತಲೆನೋವೆಂದರೆ ಅಕ್ಟೋಬರ್-ನವೆಂಬರ್ ವೇಳಾಪಟ್ಟಿ: ಎಲ್ಲರೂ ತಂತಮ್ಮ ಕಾನ್ಫರೆನ್ಸ್ ಪಂದ್ಯಗಳಲ್ಲಿ ಮುಳುಗಿರುವಾಗ ಎದುರಾಳಿ ಸಿಗುವುದು ಕಷ್ಟ.

2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ, ಎನ್‌ಸಿಎಎ ವಿರುದ್ಧ ಆಟಗಾರರು ಹೂಡಿದ್ದ "ಹೌಸ್" ಮೊಕದ್ದಮೆಯ ರಾಜಿಯಿಂದ ಇನ್ನೊಂದು ಖರ್ಚು ಸೇರಿದೆ. ರಾಜಿಗೆ ಒಳಪಟ್ಟ ವಿವಿಗಳು 2025-26ರಲ್ಲಿ ಆಟಗಾರರಿಗೆ ನೇರವಾಗಿ 2.05 ಕೋಟಿ ಡಾಲರ್‌ವರೆಗೆ ಕೊಡಬಹುದು. ಅವುಗಳ ಫುಟ್‌ಬಾಲ್‌ನಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ 105 ಆಟಗಾರರ ಮಿತಿ ಬಂತು. ಆ 2.05 ಕೋಟಿ ಗರಿಷ್ಠ, ಕಡ್ಡಾಯವಲ್ಲ. ಹಾಗಿದ್ದರೂ ಕೊಡದವರ ಒಳ್ಳೆಯ ಆಟಗಾರರು ವರ್ಷದ ಕೊನೆಗೆ ಬೇರೆಡೆ ಹೋಗುತ್ತಾರೆ. ದುಡಿಯುವ ಹುಡುಗರಿಗೆ ಪಾಲು ಸಿಗುವುದು ನ್ಯಾಯವೇ. ಅದನ್ನು ಬೇರೆ ವಿದ್ಯಾರ್ಥಿಗಳ ಫೀಸಿನಿಂದ ಕೊಡುವುದಕ್ಕೆ ನನ್ನ ವಿರೋಧವಿದೆ.

ನಿಮ್ಮ ವಿವಿಯ ಲೆಕ್ಕ ನೋಡುವ ಬಗೆ ಹೇಳುತ್ತೇನೆ. ಸರ್ಕಾರಿ ವಿವಿಯಾದ್ದರಿಂದ ಅದು ಪ್ರತಿ ವರ್ಷ ಎನ್‌ಸಿಎಎಗೆ ಸಲ್ಲಿಸುವ ಹಣಕಾಸು ವರದಿಯನ್ನು ರಾಜ್ಯದ ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಬಹುದು. ಹಲವು ವಿವಿಗಳ ಅಂಕಿಗಳು ನೈಟ್-ನ್ಯೂಹೌಸ್ ಎಂಬ ಕಾಲೇಜು ಕ್ರೀಡಾ ಹಣಕಾಸು ದತ್ತಾಂಶದಲ್ಲಿ ಉಚಿತವಾಗಿ ಸಿಗುತ್ತವೆ. ಕೇಂದ್ರ ಶಿಕ್ಷಣ ಇಲಾಖೆಯ ಕ್ರೀಡಾ ಸಮಾನತೆ ಅಂಕಿಗಳೂ ಇವೆ, ಆದರೆ ಅಲ್ಲಿ ಎಷ್ಟೋ ವಿವಿಗಳು ಆದಾಯವನ್ನು ಖರ್ಚಿಗೆ ಸರಿಹೊಂದಿಸಿ ತೋರಿಸುವುದರಿಂದ ನಷ್ಟವೇ ಕಾಣುವುದಿಲ್ಲ. ವರದಿಯಲ್ಲಿ ವಿದ್ಯಾರ್ಥಿ ಶುಲ್ಕ ಮತ್ತು ವಿವಿಯ ನೇರ, ಪರೋಕ್ಷ ನೆರವು ಎಂಬ ಸಾಲುಗಳನ್ನು ಕೂಡಿಸಿ, ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ 2 ಕೋಟಿ ಡಾಲರ್, 20,000 ವಿದ್ಯಾರ್ಥಿಗಳು ಎಂದರೆ ತಲಾ 1,000 ಡಾಲರ್. ಬಿಲ್ಲಿನಲ್ಲಿ ಕಾಣುವುದು ಇದರ ಒಂದು ಭಾಗ ಮಾತ್ರ. ಆಮೇಲೆ ಕೋಚ್‌ಗಳ ನಿರ್ಗಮನ ಪರಿಹಾರ, ಸಾಲದ ಕಂತು, ಗ್ಯಾರಂಟಿ ಆದಾಯದ ಸಾಲುಗಳನ್ನು ಕನಿಷ್ಠ ಐದು ವರ್ಷ ಹಿಂದಿನಿಂದ ಹೋಲಿಸಿ. ಒಂದೇ ವರ್ಷದ ಅಂಕಿ ದಾರಿ ತಪ್ಪಿಸುತ್ತದೆ, ಒಂದು ಕೋಚ್ ಬದಲಾವಣೆ ಸಾಕು ಚಿತ್ರ ಕೆಡಲು.

ಕೊನೆಗೆ ಕಾನ್ಫರೆನ್ಸ್‌ನ ನಿಯಮಾವಳಿಯಲ್ಲಿ ಮೂರು ವಿಷಯ ಹುಡುಕಿ: ಸದಸ್ಯತ್ವಕ್ಕೆ ಫುಟ್‌ಬಾಲ್ ಕಡ್ಡಾಯವೇ, ಬಿಡಲು ಎಷ್ಟು ತಿಂಗಳ ನೋಟಿಸ್ ಮತ್ತು ಶುಲ್ಕ, ಪ್ರಸಾರ ಹಕ್ಕಿನ ಬರಹ ಯಾವ ವರ್ಷ ಮುಗಿಯುತ್ತದೆ. ಮೊದಲನೆಯದಕ್ಕೆ "ಇಲ್ಲ" ಎಂದಿದ್ದರೆ ನಿಮ್ಮ ವಿವಿಗೆ ಹಾಫ್‌ಸ್ಟ್ರಾದ ದಾರಿ ತೆರೆದಿದೆ. "ಹೌದು" ಎಂದಿದ್ದರೆ, ಫುಟ್‌ಬಾಲ್ ಜೊತೆಗೇ ಉಳಿದ ಎಲ್ಲ ತಂಡಗಳನ್ನೂ ಸೇರಿಸಿಕೊಳ್ಳುವ ಹತ್ತಿರದ ಎಫ್‌ಸಿಎಸ್ ಕಾನ್ಫರೆನ್ಸ್ ಯಾವುದು ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಕೇಳಬೇಕು. ಸರ್ಕಾರಿ ವಿವಿಗಳ ಆ ಸಭೆಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತವೆ, ಶುಲ್ಕ ಏರಿಕೆಯ ಪ್ರಸ್ತಾಪ ಬರುವುದೂ ಅಲ್ಲೇ.