ಅಂಗನವಾಡಿ ಪಕ್ಕದಲ್ಲೇ ಇದ್ದರೂ ಮಗು ವ್ಯಾನ್ ಹತ್ತುವುದೇಕೆ?

ಈ ಪ್ರಶ್ನೆ ನ್ಯಾಯವಾದುದೇ. ಕೂಗಳತೆ ದೂರದಲ್ಲಿ ಸರಕಾರದ ಅಂಗನವಾಡಿ ಇರುವಾಗ ಬೀಡಿ ಕಟ್ಟಿ ಬದುಕುವ ಮನೆಯವರು ಕೂಡ ಮೂರೂವರೆ ವರ್ಷದ ಮಗುವನ್ನು ವ್ಯಾನ್ ಹತ್ತಿಸಿ ಇಂಗ್ಲಿಷ್ ನರ್ಸರಿಗೆ ಕಳುಹಿಸುವುದು ಬೆಂಗಳೂರಿನಿಂದ ನೋಡುವವರಿಗೆ ಶೋಕಿಯಂತೆ ಕಾಣಬಹುದು. ಕೇರಳಕ್ಕೆ ಸೇರಿದ ಕಾಸರಗೋಡಿನ ಬಡಗು ಭಾಗದಲ್ಲಿ, ಅಂದರೆ ಚಂದ್ರಗಿರಿ ಹೊಳೆಯಿಂದ ಈಚೆಗಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ, ಅದಕ್ಕೆ ಕಾರಣ ಬೇರೆಯೇ ಇದೆ.

ಮೊದಲು ಅಂಗನವಾಡಿಯ ಪರವಾಗಿಯೇ ಹೇಳುತ್ತೇನೆ. ಕೇರಳದ ಅಂಗನವಾಡಿಗಳ ಊಟೋಪಚಾರದಲ್ಲಿ ದೂರಲು ಹೆಚ್ಚೇನೂ ಇಲ್ಲ. ಮೂರು ತುಂಬದ ಮಕ್ಕಳಿಗೆ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ತಯಾರಿಸುವ ಅಮೃತಂ ಎಂಬ ಪೌಷ್ಟಿಕ ಪುಡಿ ಮನೆಗೇ ಸಿಗುತ್ತದೆ. ದೊಡ್ಡ ಮಕ್ಕಳಿಗೆ ಹಾಲು, ಮೊಟ್ಟೆ ಇದೆ. ಉಪ್ಪಿಟ್ಟು ಬೇಡ, ಬಿರಿಯಾನಿ ಬೇಕು ಎಂದು ಪುಟ್ಟ ಮಗುವೊಂದು ಹೇಳಿದ ವಿಡಿಯೋ ಊರೂರು ಸುತ್ತಿದ ಮೇಲೆ 2025ರಲ್ಲಿ ಮೊಟ್ಟೆ ಬಿರಿಯಾನಿಯೂ ಪಟ್ಟಿಗೆ ಸೇರಿತು.

ತೊಡಕಿರುವುದು ಮಾತಿನಲ್ಲಿ. ನನ್ನ ಮೊಮ್ಮಗಳು ಅಂಗನವಾಡಿಗೆ ಹೋದ ಮೊದಲ ವಾರ, ಮಲಯಾಳ ಮನೆಮಾತಿನ ಟೀಚರು ಅಕ್ಕರೆಯಿಂದಲೇ "ವೆಳ್ಳಂ ವೇಣೋ", ಅಂದರೆ ನೀರು ಬೇಕೇ ಎಂದು ಕೇಳಿದ್ದರು. ಮನೆಗೆ ಬಂದವರಿಗೆ ಆಸರಿಗೆಂದು (ಬಾಯಾರಿಕೆಗೆಂದು) ಬೆಲ್ಲ, ನೀರು ಕೊಡುವುದನ್ನು ನೋಡಿ ಬೆಳೆದ ಮಗು ಅದನ್ನು ಬೆಲ್ಲವೆಂದು ತಿಳಿದು ತಲೆಯಾಡಿಸಿತು. ಲೋಟದಲ್ಲಿ ಬರಿಯ ನೀರು ಬಂದಾಗ ಮುಖ ತಿರುಗಿಸಿತು. ಟೀಚರು ಮಗುವಿಗೆ ಬಾಯಾರಿಕೆಯಿಲ್ಲವೆಂದುಕೊಂಡರು. ಸಂಜೆ ಮನೆಗೆ ಬಂದವಳು ಎರಡು ಲೋಟ ನೀರು ಒಂದೇ ಉಸಿರಿಗೆ ಕುಡಿದಳು. ಮನೆಯಲ್ಲಿ ತುಳು, ಕೊಂಕಣಿ, ಮರಾಟಿ ಆಡುವ ಮಕ್ಕಳ ಪಾಡೂ ಇಷ್ಟೇ.

ಕಾನೂನು ಇದಕ್ಕೆ ಉತ್ತರ ಕೊಡುವುದಿಲ್ಲ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡಿನ ಬಗ್ಗೆ ಹೇಳುತ್ತದೆಯಾದರೂ ಅದು ಪ್ರಾಥಮಿಕ ಹಂತಕ್ಕೆ ಮಾತ್ರ. ಶಿಕ್ಷಣ ಹಕ್ಕಿನ ಕಾಯ್ದೆಯ ಲೆಕ್ಕ ಆರನೆಯ ವರ್ಷದಿಂದ ಶುರುವಾಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಿಂದಾಗಿ ಆರರ ಒಳಗಿನ ಮಗುವಿಗೆ ಅಂಗನವಾಡಿಯ ಊಟ ಹಕ್ಕಾಗಿದೆ, ಆದರೆ ಆ ಊಟವನ್ನು ತನ್ನ ಭಾಷೆಯಲ್ಲಿ ಕೇಳಿ ಪಡೆಯುವುದು ಹಕ್ಕಾಗಿಲ್ಲ. ಕನ್ನಡ ಶಾಲೆಗಳಿಗೇ ಕನ್ನಡ ಬಾರದ ಅಧ್ಯಾಪಕರು ಬಂದಾಗ ಬೀದಿಗಿಳಿದು ಕೂಗಿದ ನಾವು ಅಂಗನವಾಡಿಯ ಬಗ್ಗೆ ಅಷ್ಟು ದನಿ ಎತ್ತಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಇನ್ನು ಇಂಗ್ಲಿಷ್ ನರ್ಸರಿ. ಬೋರ್ಡು ಇಂಗ್ಲಿಷಿನಲ್ಲಿದೆ, ಪದ್ಯಗಳೂ ಇಂಗ್ಲಿಷಿನವೇ. ಆದರೆ ನಮ್ಮ ಹತ್ತಿರದ ನರ್ಸರಿಯ ಟೀಚರು ಊರಿನದೇ ಹುಡುಗಿ, ಆಯಾ ಅಕ್ಕನಂತೂ ಅತ್ತ ಮಗುವನ್ನು ಸಂತೈಸುವುದು ತುಳುವಿನಲ್ಲಿ. ಮಗುವಿನ ಮಾತು ತಿಳಿಯುವ ಒಬ್ಬ ಹೆಂಗಸನ್ನು ತಂದೆತಾಯಿ ಫೀಸು ಕೊಟ್ಟು ಪಡೆಯುತ್ತಿದ್ದಾರೆ ಎಂದು ನಾನು ಭಾವಿಸಿದ್ದೇನೆ. ನೆರೆಮನೆಯ ತಾಯಿಯ ಲೆಕ್ಕದಲ್ಲಿ ತಿಂಗಳ ಒಂದು ಇಡೀ ವಾರದ ಬೀಡಿ ಕೂಲಿ ಬರೀ ವ್ಯಾನಿನ ಬಾಡಿಗೆಗೆ ಹೋಗುತ್ತದೆ. ಅಷ್ಟಾದರೂ ನರ್ಸರಿ ಮಧ್ಯಾಹ್ನವೇ ಬಿಡುತ್ತದೆ. ಮಂಗಳೂರಿಗೆ ದುಡಿಯಲು ಹೋಗುವ ತಾಯಿ ಗಡಿಯ ತಲಪಾಡಿ ದಾಟಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ನಡುವಿನ ಹೊತ್ತಿಗೆ ಅಜ್ಜಿಯೇ ಗತಿ. ಅಜ್ಜಿ ಅಡಿಕೆ ಸುಲಿಯಲು ಹೋಗುವವಳಾದರೆ ಮಗುವೂ ಅವಳ ಜೊತೆ ಅಂಗಳದಲ್ಲಿ ಸಿಪ್ಪೆಯ ರಾಶಿಯ ಪಕ್ಕ ಕೂತಿರುತ್ತದೆ.

ನಮ್ಮ ಮೊಮ್ಮಗಳನ್ನು ನಾವು ಅಂಗನವಾಡಿ ಬಿಡಿಸಲಿಲ್ಲ. ನೀರಿನ ಸಂಗತಿ ತಿಳಿದ ಮೇಲೆ ಟೀಚರು ಮರುದಿನ ತಾವೇ ಮನೆಗೆ ಬಂದು, ಮಕ್ಕಳು ಆಡುವ ಮಾತುಗಳನ್ನು ಹೇಳಿಕೊಡಿ ಎಂದು ಕೇಳಿದರು. ಹಾಗೆ ಮಾಡಬೇಕೆಂಬ ಆದೇಶವೇನೂ ಅವರಿಗಿರಲಿಲ್ಲ. ನಾನು ಕನ್ನಡದಲ್ಲೂ ತುಳುವಿನಲ್ಲೂ ಹೇಳಿದ್ದನ್ನು ಅವರು ಮಲಯಾಳ ಲಿಪಿಯಲ್ಲಿ ಬರೆದುಕೊಂಡು, ಆ ಹಾಳೆಯನ್ನು ಅಡುಗೆಕೋಣೆಯ ಬಾಗಿಲಿಗೆ ಅಂಟಿಸಿದ್ದಾರೆ: ನೀರು, ಹಸಿವು, ಸಾಕು, ಹೊಟ್ಟೆನೋವು, ಅಮ್ಮ ಈಗ ಬರುತ್ತಾಳೆ.