ಉಕ್ರೇನಿನ ಓನರ್ ಆಂಟಿಯ ಪ್ರಾರ್ಥನೆ

ಪ್ರಶ್ನೆ: ನನ್ನ ಮಗಳು ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದಳು. 2022ರಲ್ಲಿ ಯುದ್ಧ ಶುರುವಾದಾಗ ವಾಪಸ್ ಬಂದಳು. ಅವಳಿದ್ದ ಮನೆಯ ಓನರ್ ಆಂಟಿ ಬ್ಯಾಪ್ಟಿಸ್ಟ್ ಅಂತೆ, ಅಂದರೆ ಕ್ರೈಸ್ತರಲ್ಲಿ ಒಂದು ಪ್ರೊಟೆಸ್ಟೆಂಟ್ ಪಂಥ. ಪ್ರಾರ್ಥನೆ ತಪ್ಪಿಸುತ್ತಲೇ ಇರಲಿಲ್ಲವಂತೆ. ದೇವರೇ ಇಲ್ಲ ಅಂದ ಕಮ್ಯುನಿಸ್ಟರ ನಾಡಿನಲ್ಲಿ ಇದು ಹೇಗೆ ಬೆಳೆಯಿತು? ಅಮೆರಿಕದ ದುಡ್ಡಾ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ದುಡ್ಡು ಬಂದಿದ್ದು ನಿಜ ಮೇಡಂ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಮೆರಿಕದ ಮಿಷನರಿಗಳು ದಂಡುಗಟ್ಟಿ ಹೋದರು. ಮರುವರ್ಷವೇ ಅಲ್ಲಿನ ಹೆಸರಾಂತ ಕ್ರೈಸ್ತ ಬೋಧಕ ಬಿಲ್ಲಿ ಗ್ರಹಾಂ ಮಾಸ್ಕೋದಲ್ಲಿ ದೊಡ್ಡ ಸಭೆ ನಡೆಸಿದರು. ಆದರೆ ಬರೀ ದುಡ್ಡೇ ಕಾರಣವಾಗಿದ್ದರೆ ಎಲ್ಲ ಕಡೆ ಒಂದೇ ಥರ ಬೆಳೆಯಬೇಕಿತ್ತು, ಅಲ್ವಾ? ಪೋಲೆಂಡಿನಲ್ಲಿ ಬ್ಯಾಪ್ಟಿಸ್ಟರಂಥವರು ಇವತ್ತಿಗೂ ತೀರಾ ಕಮ್ಮಿ. ಅಲ್ಲಿ ಕ್ಯಾಥೊಲಿಕ್ ಚರ್ಚಿನ ಹಿಡಿತ ಗಟ್ಟಿ. ಜಾಸ್ತಿ ಬೆಳೆದದ್ದು ಉಕ್ರೇನ್, ರೊಮೇನಿಯಾದಂಥ ಕಡೆ. ಬೇರು ಅಲ್ಲಿ ಮೊದಲೇ ಇತ್ತು.

ಉಕ್ರೇನಿನ ದಕ್ಷಿಣದಲ್ಲಿ ಜರ್ಮನ್ ವಲಸಿಗರ ಅಕ್ಕಪಕ್ಕದ ಹಳ್ಳಿಗಳಿಗೆ ಈ ಪಂಥ 1860ರ ದಶಕದಲ್ಲೇ ಬಂದಿತ್ತು. ಸ್ಟಾಲಿನ್ ಕಾಲದಲ್ಲಿ ಎಷ್ಟೋ ಜನ ಜೈಲು ಸೇರಿದರು. 1929ರ ಕಾನೂನು ಸಂಡೇ ಸ್ಕೂಲನ್ನೂ ನಿಲ್ಲಿಸಿತು, ಚರ್ಚುಗಳು ಬಡವರಿಗೆ ನೆರವು ಕೊಡುವುದನ್ನೂ ನಿಲ್ಲಿಸಿತು. ಆದರೂ ಬಿಡಲಿಲ್ಲ. 1974ರಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಲಾಟ್ವಿಯಾದ ಒಂದು ತೋಟದ ಮನೆಯಲ್ಲಿ ಪೊಲೀಸರಿಗೆ ಗುಟ್ಟಿನ ಛಾಪಖಾನೆ ಸಿಕ್ಕಿತು. ಕದ್ದುಮುಚ್ಚಿ ಬೈಬಲ್ ಮುದ್ರಿಸುತ್ತಿದ್ದರು. ರಾಶಿ ರಾಶಿ ಕಾಗದ, ಸಾವಿರಗಟ್ಟಲೆ ಪ್ರತಿಗಳು! ಚಿಕ್ಕವರಿದ್ದಾಗ ಬೆಂಗಳೂರಿನಲ್ಲಿ ನಾವು ಸೋವಿಯತ್ ಪತ್ರಿಕೆಯ ನುಣುಪು ಹಾಳೆಯಲ್ಲಿ ಪಠ್ಯಪುಸ್ತಕಕ್ಕೆ ರಟ್ಟು ಹಾಕುತ್ತಿದ್ದೆವು. ಟ್ರಾಕ್ಟರ್ ಇತ್ತು, ರಾಕೆಟ್ ಇತ್ತು. ಈ ಜನರ ಒಂದು ಚಿತ್ರವೂ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಬಂತು ತೊಂಬತ್ತರ ದಶಕ. 1993ರಲ್ಲಿ ಉಕ್ರೇನಿನ ಬೆಲೆ ಏರಿಕೆ ಹತ್ತು ಸಾವಿರ ಪರ್ಸೆಂಟ್ ದಾಟಿತ್ತು. ಜೀವಮಾನದ ಉಳಿತಾಯ ಕರಗಿಹೋಯಿತು. ಕಾರ್ಖಾನೆಗಳಲ್ಲಿ ಸಂಬಳವಿಲ್ಲ, ಗಂಡಸರು ಕುಡಿತಕ್ಕೆ ಬಿದ್ದರು. ಆಗ ಜೈಲಿಗೆ, ಆಸ್ಪತ್ರೆಗೆ, ಕುಡುಕರ ಮನೆಗೆ ಹೋದವರು ಈ ಚಿಕ್ಕ ಸಭೆಗಳವರು. ಕಷ್ಟದಲ್ಲಿ ಬಾಗಿಲು ತಟ್ಟಿದವರನ್ನು ಯಾರು ತಾನೇ ಮರೆಯುತ್ತಾರೆ? ಇದನ್ನು ಸುಮ್ನೆ ‘ಮತಾಂತರದ ವ್ಯಾಪಾರ’ ಅಂದುಬಿಡುವುದು ಅನ್ಯಾಯ.

ಹಾಗಂತ ಏರುತ್ತಲೇ ಹೋಗಲಿಲ್ಲ. ಸಾವಿರಾರು ಕುಟುಂಬಗಳು ಅಮೆರಿಕಕ್ಕೆ ವಲಸೆ ಹೋದವು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಅವರದೇ ದೊಡ್ಡ ಚರ್ಚುಗಳಿವೆ. ರಷ್ಯಾ 1997ರಲ್ಲಿ, ಮತ್ತೆ 2016ರಲ್ಲಿ ಕಾನೂನು ಬಿಗಿ ಮಾಡಿತು. ಈಗ ಅಲ್ಲಿ ಪರ್ಮಿಷನ್ ಇಲ್ಲದೆ ಬೀದಿಯಲ್ಲಿ ಬೋಧನೆ ಮಾಡಿದರೆ ದಂಡ.

ಆಂಟಿ ಜೊತೆ ಮಗಳು ಇನ್ನೂ ಫೋನಿನಲ್ಲಿ ಮಾತಾಡುತ್ತಿದ್ದರೆ ಒಂದು ಕೇಳಿಸಿ ನೋಡಿ: 1991ಕ್ಕೆ ಮುಂಚೆ ಅವರ ಮನೆಯವರು ಪ್ರಾರ್ಥನೆಗೆ ಎಲ್ಲಿ ಸೇರುತ್ತಿದ್ದರು ಅಂತ. ಉತ್ತರ ಬಂದರೆ ನಮಗೂ ಬರೆದು ಕಳಿಸಿ.